ಸಾಹೇಬರು ಹಾದಿಯಲ್ಲಿದ್ದಾರೆ

ಆ ಶಾಲೆಗೆ ನಾನು ಸೇರಿದ್ದು ಕನ್ನಡ ಕಲಿಸಲು. ಬ್ಯಾಂಡ್ ಕಟ್ಟುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಕಥೋಲಿಕ್ ಸಿಸ್ಟರ್‌ಗಳು ನಡೆಸುವ ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆ ಅದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಿಂದ ಹುಡುಗಿಯರು ಬಂದು ಅಲ್ಲೇ ಉಳಿದು ಓದುತ್ತಿದ್ದರು. ಶಾಲೆ ಯಾವ ಊರಲ್ಲಿದೆ ಎಂದು ಮಾತ್ರ ಹೇಳುವುದಿಲ್ಲ. ಅಲ್ಲಿನ ಸಿಸ್ಟರ್‌ಗಳ ಮೇಲೆ ನನಗೆ ಈಗಲೂ ಗೌರವವಿದೆ. ಸಿಟ್ಟೂ ಇದೆ. ಎರಡೂ ಒಟ್ಟಿಗೇ ಇರುವುದರಿಂದ ಹೆಸರು ಹೇಳಿ ಜಗಳ ತೆಗೆಯುವ ಮನಸ್ಸಿಲ್ಲ.

ನನ್ನ ಊರು ಗೊಳಸಂಗಿ. ಬಿ.ಎಡ್. ಮುಗಿಸಿ ಸರಕಾರಿ ಕೆಲಸಕ್ಕೆ ಕಾಯುತ್ತಿದ್ದಾಗ ಅಲ್ಲಿ ಸೇರಿದೆ. ಹಗಲು ಪಾಠ, ಸಂಜೆಯ ಮೇಲೆ ಬೋರ್ಡಿಂಗಿನ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಮಕ್ಕಳಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ನಮ್ಮಂಥ ಹಳ್ಳಿ ಮನೆಗಳವರು. ಒಬ್ಬಳ ಟ್ರಂಕಿನ ಮುಚ್ಚಳದ ಒಳಗೆ ಬುದ್ಧನ ಚಿತ್ರ ಅಂಟಿಸಿತ್ತು. ಇನ್ನೊಬ್ಬಳ ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಅವಳು ಏಕಾದಶಿಯ ದಿನ ಊಟ ಬಿಟ್ಟರೆ ಅಡುಗೆಮನೆಯ ಸಿಸ್ಟರ್ ಗೊಣಗುತ್ತಲೇ ಎರಡು ಬಾಳೆಹಣ್ಣು ತಂದು ಕೊಡುತ್ತಿದ್ದರು. ಸಂಜೆ ಪ್ರಾರ್ಥನಾ ಕೋಣೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಕೂರಬೇಕು. ಯಾರಿಗೆ ಪ್ರಾರ್ಥಿಸಬೇಕೆಂದು ಯಾರೂ ಹೇಳುತ್ತಿರಲಿಲ್ಲ. ನಾನೂ ಕೂರುತ್ತಿದ್ದೆ. ಹೆಚ್ಚಾಗಿ ನಿದ್ದೆ ಬರುತ್ತಿತ್ತು.

ಜಗಳವೆಲ್ಲ ಊಟದ್ದು. ಸಿಸ್ಟರ್‌ಗಳು ಮಂಗಳೂರು ಕಡೆಯವರು, ಅವರಿಗೆ ಅನ್ನ ಇದ್ದರೇ ಊಟ. ನಮ್ಮ ಹುಡುಗಿಯರಿಗೆ ರೊಟ್ಟಿ ಇಲ್ಲದಿದ್ದರೆ ಹೊಟ್ಟೆಯೇ ತುಂಬದು. ತಿಂಗಳಿಗೊಮ್ಮೆ ತಂದೆತಾಯಿ ಬರುವ ಭಾನುವಾರ ಗರಿಗರಿಯಾದ ಕಟಗ ರೊಟ್ಟಿ, ನಂಜಿಕೊಳ್ಳುವ ಶೇಂಗಾ ಹಿಂಡಿಯ ಗಂಟುಗಳು ಬರುತ್ತಿದ್ದವು. ಅಂದು ಯಾರೂ ಅನ್ನದ ಪಾತ್ರೆಯತ್ತ ತಿರುಗಿ ನೋಡುತ್ತಿರಲಿಲ್ಲ. ಯಾರ ರೊಟ್ಟಿ ಯಾರ ತಟ್ಟೆಯಲ್ಲಿದೆ ಎಂಬ ಲೆಕ್ಕವೂ ಇರುತ್ತಿರಲಿಲ್ಲ.

ಬ್ಯಾಂಡ್ ಶುರುವಾದದ್ದು ನನ್ನ ಬಾಯಿಯಿಂದ. ಎಲ್ಲೋ ಮುಚ್ಚಿಹೋದ ಒಂದು ಗಂಡುಮಕ್ಕಳ ಶಾಲೆಯಿಂದ ಬಂದ ಡ್ರಮ್ಮು, ಬ್ಯೂಗಲ್, ತಾಳಗಳು ನಮ್ಮ ಉಗ್ರಾಣದಲ್ಲಿ ಧೂಳು ತಿನ್ನುತ್ತ ಬಿದ್ದಿದ್ದವು. ಒಂದು ದಿನ ಊಟದ ಹೊತ್ತಿಗೆ ಹೆಡ್ ಸಿಸ್ಟರ್ ಅವನ್ನು ಗುಜರಿಗೆ ಹಾಕುವ ಮಾತೆತ್ತಿದರು. ವಿಜಯಪುರದಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯಲ್ಲಿ ಸೈಡ್ ಡ್ರಮ್ ಬಾರಿಸುತ್ತಿದ್ದೆ ಎಂದು ನಾನು ಸುಮ್ಮನೆ ಅಂದೆ.

"ಹೌದಾ? ಹಾಗಾದ್ರೆ ನೀವೇ ಕಲಿಸಿ ಅಲ್ವಾ ಟೀಚರ್," ಎಂದರು ಹೆಡ್ ಸಿಸ್ಟರ್. ಸಾರು ಬಡಿಸುತ್ತಲೇ ಹೇಳಿದ್ದು. ಅಷ್ಟಕ್ಕೆ ತೀರ್ಮಾನವಾಗಿಬಿಟ್ಟಿತ್ತು.

ನನಗೆ ಮೊದಲು ಸಿಕ್ಕವಳು ಮೋರಟಗಿಯ ಹುಡುಗಿ. ಒಂಬತ್ತನೆಯ ತರಗತಿ. ಸಣ್ಣ ಮೈಕಟ್ಟು, ಮೂಗಿನ ತುದಿಯಲ್ಲೇ ಸಿಟ್ಟು. ಅಪ್ಪನಿಗೆ ಒಂದಿಷ್ಟು ಮಳೆಹೊಲ, ಒಂದಿಷ್ಟು ಕಾಲುವೆ ನೀರಿನ ಹೊಲ. ಜೋಳ, ತೊಗರಿ ಬೆಳೆಯುವ ಮನೆ. ಸಂಜೆಯ ಓದಿನ ಹೊತ್ತಿನಲ್ಲಿ ಎಲ್ಲಿಂದಲೋ ಟಕಟಕ ಸದ್ದು ಬರುತ್ತಿತ್ತು. ಹುಡುಕಿಕೊಂಡು ಹೋದರೆ ಇವಳು ಸಮಾಜ ವಿಜ್ಞಾನದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಟ್ರಂಕಿನ ಮೇಲೆ ಬೆರಳಾಡಿಸುತ್ತಿದ್ದಳು.

"ಏನವಾ ಅದು, ಏನ್ ಬಡ್ಯಾಕತ್ತಿ?"

"ಹಲಗಿ ಟೀಚರ್. ಹೋಳಿ ಹುಣ್ಣಿಮಿಗೆ ನಮ್ಮ ಓಣ್ಯಾಗ ಬಾರಸ್ತಾರಲ್ರಿ, ಅದು."

"ನಿನಗ ಯಾರ್ ಕಲಿಸಿದ್ರು?"

"ಯಾರೂ ಇಲ್ರಿ. ಹುಡುಗ್ಯಾರ ಕೈಯಾಗ ಹಲಗಿ ಎಲ್ಲಿ ಕೊಡ್ತಾರ? ದೂರ ನಿಂತು ಕೇಳಿ ಕೇಳಿ ಬಂತು."

ಮರುದಿನವೇ ಅವಳ ಕೊರಳಿಗೆ ಸೈಡ್ ಡ್ರಮ್ ಹಾಕಿದೆ. ಟ್ರಂಕಿನಲ್ಲಿ ಬುದ್ಧನ ಚಿತ್ರ ಅಂಟಿಸಿಕೊಂಡಿದ್ದವಳು ಇಂಡಿ ತಾಲ್ಲೂಕಿನವಳು, ಅವಳ ಉಸಿರು ಗಟ್ಟಿ. ಬ್ಯೂಗಲ್ ಅವಳಿಗೆ ಹೋಯಿತು. ಏಕಾದಶಿಯವಳು ಎತ್ತರದ ಹುಡುಗಿ, ದೊಡ್ಡ ಡ್ರಮ್ ಅವಳ ಪಾಲಿಗೆ ಬಂತು. ಹೀಗೆ ಒಂಬತ್ತನೆಯ ತರಗತಿಯ ಇಪ್ಪತ್ತರಷ್ಟು ಹುಡುಗಿಯರು ಸೇರಿದರು. ಮೊದಲ ಕೆಲವು ತಿಂಗಳು ಮೈದಾನದ ಸುತ್ತಲಿನ ಬೇವಿನಮರಗಳಲ್ಲಿ ಹಕ್ಕಿ ನಿಲ್ಲುತ್ತಿರಲಿಲ್ಲ. ಅಡುಗೆಮನೆಯ ಸಿಸ್ಟರ್ ಕಿವಿಗೆ ಹತ್ತಿ ಇಟ್ಟುಕೊಂಡೇ ತರಕಾರಿ ಹೆಚ್ಚುತ್ತಿದ್ದರು.

ನಾವು ಕಟ್ಟಿದ ವಾದನಕ್ಕೆ ಮೂರು ಭಾಗ. ಮೊದಲನೆಯದು ಹೆಜ್ಜೆ ಹಾಕಿಕೊಂಡು ಬರುವಾಗಿನ ಸಾದಾ ನಡೆ, ಎಲ್ಲ ಶಾಲೆಗಳಲ್ಲೂ ಕೇಳುವಂಥದ್ದು. ಎರಡನೆಯದರಲ್ಲಿ ಡ್ರಮ್ಮುಗಳು ತಗ್ಗಿ ಬ್ಯೂಗಲ್ ಒಂದೇ ಮೇಲೇಳುತ್ತದೆ. ಮೂರನೆಯದು ಮೋರಟಗಿಯವಳ ಹಲಗಿಯ ಪೆಟ್ಟು. ಅದನ್ನು ಸೈಡ್ ಡ್ರಮ್ಮಿಗೆ ಇಳಿಸಲು ಹುಡುಗಿಯರೇ ಕೂತು, ಜಗಳಾಡಿ, ಮತ್ತೆ ಕೂಡಿ ಒಂದು ಮಳೆಗಾಲ ಕಳೆದರು. ಮೊದಲ ಸಲ ಕೇಳಿದಾಗ ಹೆಡ್ ಸಿಸ್ಟರ್ ಹುಬ್ಬು ಗಂಟಿಕ್ಕಿ, "ಇದೆಲ್ಲ ಬ್ಯಾಂಡಿನಲ್ಲಿ ಬರುದಾ?" ಎಂದರು. ಎರಡನೆಯ ಸಲ ಕೇಳುವಾಗ ಅವರ ಕಾಲು ತಾಳ ಹಾಕುತ್ತಿದ್ದುದನ್ನು ಎಲ್ಲರೂ ನೋಡಿದೆವು.

ಮರುವರ್ಷ ಆ ಹುಡುಗಿಯರು ಹತ್ತನೆಯ ತರಗತಿಗೆ ಬಂದಾಗ ಸ್ವಾತಂತ್ರ್ಯ ದಿನದ ಪಥಸಂಚಲನದಲ್ಲಿ ತಾಲ್ಲೂಕಿಗೇ ಮೊದಲ ಬಹುಮಾನ ನಮಗೆ ಬಂತು. ಆಮೇಲೆ ಜಿಲ್ಲಾ ಮಟ್ಟದ ಬ್ಯಾಂಡ್ ಸ್ಪರ್ಧೆಯಲ್ಲೂ ಗೆದ್ದೆವು. ಅಲ್ಲಿ ಮೂರನೆಯ ಭಾಗ ಶುರುವಾದೊಡನೆ ತೀರ್ಪುಗಾರರಲ್ಲಿ ಒಬ್ಬರು ಬರೆಯುವುದನ್ನು ಬಿಟ್ಟು ತಲೆಯೆತ್ತಿದರು. ಜನ ಸೀಟಿ ಹೊಡೆದರು. ವಾಪಸ್ಸು ಬರುವಾಗ ಕ್ರೂಸರ್ ಗಾಡಿಗಳಲ್ಲಿ ಹಾಡಿ ಹಾಡಿ ಹುಡುಗಿಯರ ಗಂಟಲೆಲ್ಲ ಬಿದ್ದುಹೋಗಿತ್ತು. ಆ ಭಾನುವಾರ ಚರ್ಚಿನ ಪೂಜೆಯಲ್ಲಿ ಫಾದರ್ ನಮ್ಮ ಮಕ್ಕಳ ಹೆಸರು ತೆಗೆದುಕೊಂಡು ದೇವರಿಗೆ ಸ್ತೋತ್ರ ಹೇಳಿದರು. ಕೊನೆಯ ಬೆಂಚಿನಲ್ಲಿ ಕೂತಿದ್ದ ಮೋರಟಗಿಯವಳು ನನ್ನ ಕಿವಿಯಲ್ಲಿ, "ದೇವ್ರಿಗ್ಯಾಕ ಟೀಚರ್? ಬಾರಿಸಿದವ್ರು ನಾವಲ್ಲೇನ್ರಿ?" ಎಂದಳು. ಅವಳ ಕೈ ಚಿವುಟಿದೆ.

ಅಲ್ಲಿಂದ ಶುರುವಾಯಿತು ಗ್ರಹಚಾರ.

ಗೆದ್ದ ವಿಡಿಯೊ ವಾಟ್ಸಾಪಿನಲ್ಲಿ ಊರೂರು ಸುತ್ತಿತು. ನಮ್ಮ ಭಾಗದ ಒಬ್ಬ ಮುಖಂಡರ ಫೋನಿಗೂ ಹೋಗಿರಬೇಕು. ಅವರ ಕಾರ್ಯಕ್ರಮಗಳನ್ನೆಲ್ಲ ನೋಡಿಕೊಳ್ಳುವ ಒಬ್ಬ ಮನುಷ್ಯ ಶಾಲೆಗೆ ಬಂದರು. ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು. ಮಾತು ಬೆಲ್ಲದಂಥದ್ದು. "ಸಿಸ್ಟರ, ನಿಮ್ಮ ಮಕ್ಕಳು ನಮ್ಮ ಭಾಗದ ಹೆಮ್ಮಿರಿ. ಸಾಹೇಬ್ರು ಇಂಡಿಗೆ ಬರಾಕತ್ತಾರ. ಒಂದ್ ಐದ್ ನಿಮಿಷ ಸ್ವಾಗತಕ್ಕ ಬಾರಿಸಿದ್ರ ಸಾಕು," ಎಂದರು.

ಹೋದೆವು. ಬಸ್ ತಂಗುದಾಣದ ಉದ್ಘಾಟನೆ. ಹುಡುಗಿಯರಿಗೆ ಖುಷಿಯೋ ಖುಷಿ. ಬಿಳಿ ಅಂಗಿ, ಕೆಂಪು ಸ್ಕರ್ಟು, ಟೊಪ್ಪಿಗೆಗೆ ಗರಿ. ಒಂದೂವರೆ ತಾಸು ಬಿಸಿಲಿನಲ್ಲಿ ನಿಂತ ಮೇಲೆ ಗಾಡಿಗಳ ಸಾಲು ಬಂತು. ಮೊದಲ ಭಾಗ ಬಾರಿಸಿದೆವು. ಬ್ಯೂಗಲ್ ಹುಡುಗಿ ಎರಡನೆಯದಕ್ಕೆ ಉಸಿರು ಎಳೆದುಕೊಂಡಾಗ ಆ ಬಿಳಿ ಅಂಗಿಯ ಮನುಷ್ಯ ಕೈಯೆತ್ತಿ, "ಸಾಕ್ ಸಾಕ್, ಬಂದ್ ಮಾಡ್ರಿ, ಸಾಹೇಬ್ರು ಇಳದ್ರು," ಎಂದರು. ಅವಳು ಎಳೆದುಕೊಂಡ ಉಸಿರು ಹಾಗೇ ಬಿಟ್ಟಳು. ಎಲ್ಲರಿಗೂ ಒಂದೊಂದು ಡಬ್ಬಿ ಖಾರಾ ಮತ್ತು ಮಾವಿನ ಜ್ಯೂಸು ಸಿಕ್ಕಿತು. ಮೊದಲ ಸಲವಾದ್ದರಿಂದ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಅದರ ದಣಿವು ಆರುವ ಮೊದಲೇ ಸಿಂದಗಿಯಿಂದ ಕರೆ. ಆಮೇಲೆ ಬಾಗೇವಾಡಿ, ಮತ್ತೆ ಇಂಡಿ, ಮುದ್ದೇಬಿಹಾಳದ ಕಡೆ ಒಂದು ಕೃಷಿ ಮೇಳ. ರಸ್ತೆ ಪೂಜೆಗೂ ನಾವೇ, ಸಭಾಭವನಕ್ಕೂ ನಾವೇ, ಯಾರೋ ಹೊಸ ಹುದ್ದೆ ಪಡೆದು ಊರಿಗೆ ಬಂದರೆ ಅದಕ್ಕೂ ನಾವೇ. ಗಣಿತದ ಟೀಚರ್ ನನ್ನೊಡನೆ ಮಾತು ಬಿಟ್ಟರು. ಬಿಟ್ಟದ್ದು ತಪ್ಪಲ್ಲ. ಅವರ ತರಗತಿಯಲ್ಲಿ ಅರ್ಧ ಬೆಂಚುಗಳು ಖಾಲಿ ಇರುತ್ತಿದ್ದವು. ಹತ್ತನೆಯ ತರಗತಿಯ ಮಕ್ಕಳು ಪರೀಕ್ಷೆಗೆ ಓದುವುದು ಬಿಟ್ಟು ಹೆದ್ದಾರಿಯ ಪಕ್ಕ ನಿಂತು ಗಾಡಿ ಕಾಯುತ್ತಿದ್ದರು.

ಆ ಕಾಯುವುದು ಇದೆಯಲ್ಲ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಡ್ರಮ್ ಕೊರಳಿನಿಂದ ಇಳಿಸುವಂತಿಲ್ಲ, ಗಾಡಿ ಯಾವಾಗ ಬರುತ್ತದೋ ಗೊತ್ತಿಲ್ಲ. ನೆರಳಿಗೆ ಹೋಗುವಂತಿಲ್ಲ, ಸಾಲು ಕೆಡುತ್ತದೆ. ಮಕ್ಕಳಿಗೆ ಶೌಚಕ್ಕೆ ಹೋಗಬೇಕೆಂದರೆ ನಾನು ಅಕ್ಕಪಕ್ಕದ ಮನೆಗಳ ಬಾಗಿಲು ತಟ್ಟಿ, "ಅಕ್ಕಾರ, ಒಂದೀಟು ಹುಡುಗ್ಯಾರನ್ನ ಒಳಗ ಬಿಡ್ರಿ," ಎಂದು ಕೈಮುಗಿಯಬೇಕಿತ್ತು. ಎಷ್ಟು ಸಲ ಕೇಳಿದರೂ ಬಿಳಿ ಅಂಗಿಯವರ ಬಾಯಲ್ಲಿ ಒಂದೇ ಉತ್ತರ: "ಸಾಹೇಬ್ರು ಹಾದ್ಯಾಗ ಅದಾರ್ರಿ."

ಈ ಮಾತು ಬೋರ್ಡಿಂಗಿಗೂ ಬಂತು. ಸಾರು ತಡವಾದರೆ ಹುಡುಗಿಯರು ತಟ್ಟೆ ಬಡಿದು, "ಸಾರು ಹಾದ್ಯಾಗ ಐತಿ!" ಎಂದು ಕೂಗುವರು. ಸ್ನಾನದ ಸಾಲಿನಲ್ಲಿ, "ನೀರು ಹಾದ್ಯಾಗ ಐತಿ!" ಎನ್ನುವರು. ಅಡುಗೆಮನೆಯ ಸಿಸ್ಟರಿಗೆ ಅರ್ಥವಾಗದೆ, "ಎಂತದು ಹಾದಿ ಹಾದಿ?" ಎಂದು ಕೇಳಿದಾಗ ಊಟದ ಕೋಣೆಯೆಲ್ಲ ನಗೆ. ನಾನೂ ನಕ್ಕೆ. ಆದರೆ ಮೋರಟಗಿಯವಳು ನಗುತ್ತಿರಲಿಲ್ಲ.

ಒಂದು ಸಂಜೆ ಬಾಗೇವಾಡಿಯಿಂದ ಬಂದು ಡ್ರಮ್ಮುಗಳನ್ನು ಉಗ್ರಾಣಕ್ಕೆ ಸೇರಿಸುವಾಗ ಅವಳು ನನ್ನೆದುರು ನಿಂತಳು.

"ಟೀಚರ್, ಒಂದು ಮಾತ್ ಕೇಳ್ಲ್ಯಾ? ಅವ್ರು ನಮಗ ಬಾರಸಾಕ ಕರೀತಾರೋ, ನಿಂದ್ರಸಾಕ ಕರೀತಾರೋ?"

"ಹಂಗ್ಯಾಕಂತಿ?"

"ಮತ್ತೇನ್ರಿ? ಇಷ್ಟ್ ಊರಿಗೆ ಹೋದ್ವಿ, ಒಂದರಾಗರ ಎರಡನೇದು ಕೇಳ್ಯಾರೇನು? ಮೂರನೇದಂತೂ ದೂರ ಹೋತು. ಕಾರಿನ ಗಾಜು ಸೈತ ಇಳಸಂಗಿಲ್ಲ. ಇದಕ್ಕ ನಾವ್ಯಾಕ? ಒಂದು ಫೋನಿನ್ಯಾಗ ಹಾಡು ಹಚ್ಚಿದ್ರ ನಡೀತಿತ್ತು."

ನಾನು ಹೆಡ್ ಸಿಸ್ಟರ್ ಬಳಿ ಹೋದೆ. ಅವರು ಕೆಟ್ಟವರಲ್ಲ. ಜ್ವರ ಬಂದ ಮಗುವಿನ ಹಾಸಿಗೆಯ ಪಕ್ಕ ಅವರು ಕೂತದ್ದನ್ನು ಎಷ್ಟು ಸಲ ನೋಡಿಲ್ಲ ನಾನು! ಫೀಸು ಕಟ್ಟಲಾಗದ ಮಕ್ಕಳನ್ನು ಯಾರಿಗೂ ತಿಳಿಯದಂತೆ ಇಟ್ಟುಕೊಂಡವರು. ನನ್ನ ಮಾತು ಪೂರ್ತಿ ಕೇಳಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿ ಟೀಚರ್, ನಾವಿಲ್ಲಿ ಹೊರಗಿನಿಂದ ಬಂದವರು. ನಾಲ್ಕು ಜನ ಸಿಸ್ಟರ್ಸ್. ನಾಳೆ ಯಾರಾದ್ರೂ ಬಂದು ಗಲಾಟೆ ಮಾಡಿದ್ರೆ ಯಾರ ಹತ್ರ ಹೋಗುದು? ಹೊಸ ಕ್ಲಾಸ್‌ರೂಮಿನ ಪರ್ಮಿಷನ್ ಬೇರೆ ಬಾಕಿ ಉಂಟು. ಎಲ್ಲರೂ ಬೇಕಲ್ಲ ನಮಗೆ."

"ಹೌದ್ರಿ ಸಿಸ್ಟರ್. ಆದ್ರ ಮಕ್ಕಳ ಓದು?"

"ಸ್ವಲ್ಪ ದಿನ. ಆಮೇಲೆ ನಾನೇ ಹೇಳ್ತೇನೆ."

ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ, ಭಯವೂ ಖರೆಯದೇ. ಹಾಗಾಗಿಯೇ ನನಗೆ ಎದುರು ಹೇಳಲು ಬಾಯಿ ಬರುತ್ತಿರಲಿಲ್ಲ. ಕೋಣೆಗೆ ಬಂದು ಒಬ್ಬಳೇ ಗೋಡೆಗೆ ಬೈಯುತ್ತಿದ್ದೆ.

ಆಸೆಯೊಂದು ಉಳಿದಿತ್ತು: ವಿಭಾಗ ಮಟ್ಟದ ಸ್ಪರ್ಧೆ. ಅದು ಬೆಳಗಾವಿಯಲ್ಲಿತ್ತು. ಅಲ್ಲಿ ಯಾರೂ ಅರ್ಧಕ್ಕೆ ನಿಲ್ಲಿಸುವಂತಿಲ್ಲ, ಪೂರ್ತಿ ಬಾರಿಸಬೇಕು, ಪೂರ್ತಿ ಕೇಳುತ್ತಾರೆ. ಹುಡುಗಿಯರು ಮತ್ತೆ ಹುರುಪುಗೊಂಡರು. ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಎದ್ದು ಮೈದಾನಕ್ಕೆ ಬರುತ್ತಿದ್ದರು. ಬ್ಯೂಗಲ್ ಹುಡುಗಿಯ ತುಟಿ ಒಡೆದಿತ್ತು. ಬೆಣ್ಣೆ ಹಚ್ಚಿಕೊಂಡು ಊದಿದಳು. ಗಣಿತದ ಟೀಚರ್ ಸಹ ಕಿಟಕಿಯಲ್ಲಿ ನಿಂತು ಕೇಳಿ, "ಛಲೋ ಆಗೇತಿ," ಎಂದು ನನ್ನೊಡನೆ ಮತ್ತೆ ಮಾತು ಶುರುಮಾಡಿದರು.

ಹೊರಡುವ ಎರಡು ದಿನ ಮುಂಚೆ ಬಿಳಿ ಅಂಗಿಯವರ ಫೋನು ಬಂತು. ಅದೇ ದಿನ ಮುದ್ದೇಬಿಹಾಳದಲ್ಲಿ ಸಾಹೇಬರ ಕಾರ್ಯಕ್ರಮ, ಬೆಳಿಗ್ಗೆಯೇ. ಬ್ಯಾಂಡ್ ಬೇಕೇ ಬೇಕು.

ನಾನು ಹೆಡ್ ಸಿಸ್ಟರ್ ಕೋಣೆಯಲ್ಲಿ ನಿಂತು ಜೋರು ಮಾಡಿದೆ. ಅಷ್ಟು ಜೋರಾಗಿ ಅವರೊಡನೆ ಎಂದೂ ಮಾತಾಡಿದವಳಲ್ಲ. "ಸಿಸ್ಟರ್, ಇದೊಂದು ದಿನ ಬಿಡ್ರಿ. ಆ ಹುಡುಗ್ಯಾರಿಗೆ ಮುಂದಿನ ವರ್ಷ ಇಲ್ಲ. ಹತ್ತನೇತ್ತೆ ಮುಗದ್ರ ಮುಗೀತು."

ಅವರು ಫೋನಿನಲ್ಲಿ ಮತ್ತೆ ಮಾತಾಡಿದರು. ಆ ಮನುಷ್ಯ ದೇವರ ಆಣೆ ಮಾಡಿದರು. ಒಂಬತ್ತಕ್ಕೆಲ್ಲ ಮುಗಿದುಹೋಗುತ್ತದೆ, ಅಲ್ಲಿಂದ ಸೀದಾ ಬೆಳಗಾವಿಗೆ ಬಿಡಿ, ಬೇಕಾದರೆ ಗಾಡಿಯನ್ನು ನಾವೇ ಕೊಡುತ್ತೇವೆ ಎಂದರು. ನಾನು ಸ್ಪರ್ಧೆಯವರಿಗೆ ಫೋನು ಮಾಡಿ ನಮ್ಮ ಸರದಿಯನ್ನು ಕೊನೆಗೆ ಹಾಕಿಸಿಕೊಂಡೆ. ಮಧ್ಯಾಹ್ನ ಮೂರರೊಳಗೆ ಬಂದರೆ ಸರಿ ಎಂದರು. ಲೆಕ್ಕ ಹಾಕಿದರೆ ಆಗುವಂತಿತ್ತು. ಹೆಡ್ ಸಿಸ್ಟರ್, "ನೋಡಿ, ಎರಡೂ ಆಯ್ತಲ್ಲ," ಎಂದರು.

ಮುದ್ದೇಬಿಹಾಳಕ್ಕೆ ನಾವು ಮುಟ್ಟಿದಾಗ ಶಾಮಿಯಾನದ ಕಂಬ ಇನ್ನೂ ಹುಗಿಯುತ್ತಿದ್ದರು. ಒಂಬತ್ತಾಯಿತು. ಹತ್ತಾಯಿತು.

"ಅಣ್ಣಾರ, ನಾವು ಬೆಳಗಾವಿ ಮುಟ್ಟಬೇಕ್ರಿ," ಎಂದೆ.

"ಗೊತ್ತೈತ್ರಿ ಟೀಚರ. ಸಾಹೇಬ್ರು ಹಾದ್ಯಾಗ ಅದಾರ. ಇನ್ನೇನ್ ಬಂದ್ರು."

ಹನ್ನೊಂದಕ್ಕೆ ನಾನು ಹುಡುಗಿಯರಿಗೆ ಗಾಡಿ ಹತ್ತಲು ಹೇಳಿದೆ. ಹತ್ತಿದರು. ಆದರೆ ಡ್ರೈವರ್ ಇರಲಿಲ್ಲ. ಗಾಡಿ ಅವರು ಕೊಟ್ಟದ್ದು, ಡ್ರೈವರೂ ಅವರವನೇ. ಸಾಹೇಬರನ್ನು ಎದುರುಗೊಳ್ಳುವ ಬೈಕ್ ಮೆರವಣಿಗೆಯಲ್ಲಿ ಯಾರದೋ ಹಿಂದೆ ಕೂತು ಹೋಗಿಬಿಟ್ಟಿದ್ದ. ಫೋನು ಎತ್ತಲಿಲ್ಲ. ನನಗೆ ಆ ಗಾಡಿಯ ಬಾಗಿಲನ್ನು ಒದೆಯಬೇಕೆನ್ನಿಸಿತು. ಒದ್ದೆನೆಂದೇ ತಿಳಿಯಿರಿ. ಕಾಲಿನ ಹೆಬ್ಬೆರಳು ಎರಡು ದಿನ ನೋಯುತ್ತಿತ್ತು.

ಸಾಹೇಬರು ಬಂದದ್ದು ಹನ್ನೆರಡು ದಾಟಿದ ಮೇಲೆ. ಹುಡುಗಿಯರು ಇಳಿದು ಬಾರಿಸಿದರು. ಮೊದಲ ಭಾಗವೂ ಮುಗಿಯಲಿಲ್ಲ, ಪಟಾಕಿ ಸರ ಹಚ್ಚಿದರು, ಏನೂ ಕೇಳಿಸಲಿಲ್ಲ.

ಡ್ರೈವರ್ ಮರಳಿ ಬಂದೊಡನೆ ಹೊರಟೆವು. ಆಲಮಟ್ಟಿ ದಾಟಿ, ಬಾಗಲಕೋಟೆ, ಲೋಕಾಪುರ, ಯರಗಟ್ಟಿ. ಗಾಡಿಯಲ್ಲಿ ಯಾರೂ ಹಾಡಲಿಲ್ಲ. ಡಬ್ಬಿಯಲ್ಲಿ ಕೊಟ್ಟ ಪಲಾವ್ ಯಾರೂ ತಿನ್ನಲಿಲ್ಲ. ಎರಡು ಸಲ ಸ್ಪರ್ಧೆಯವರಿಗೆ ಫೋನು ಮಾಡಿದೆ. ಮೊದಲ ಸಲ, "ಬರ್ರಿ, ನೋಡೂಣು," ಎಂದರು. ಎರಡನೆಯ ಸಲ ಎತ್ತಲಿಲ್ಲ. ದೊಡ್ಡ ಡ್ರಮ್ಮಿನವಳು ಕಣ್ಣು ಮುಚ್ಚಿಕೊಂಡು ಏನನ್ನೋ ಜಪಿಸುತ್ತಿದ್ದಳು. ಮೋರಟಗಿಯವಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಬೆರಳು ತೊಡೆಯ ಮೇಲೆ ಆಡುತ್ತಿರಲಿಲ್ಲ.

ಬೆಳಗಾವಿಯ ಮೈದಾನಕ್ಕೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಒಬ್ಬ ಹುಡುಗ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಬಹುಮಾನ ಕೊಟ್ಟಾಗಿತ್ತು. ತೀರ್ಪುಗಾರರು ಹೋಗಿದ್ದರು. ಉಸ್ತುವಾರಿಯ ಮೇಷ್ಟ್ರು ಒಬ್ಬರು ಉಳಿದಿದ್ದರು. ಪಾಪ, ಅವರೂ ದಣಿದಿದ್ದರು. "ನಾವು ಬಾಳ ಹೊತ್ತು ಕಾದ್ವಿ ಟೀಚರ. ನಿಮ್ಮ ಹೆಸರು ಮೂರು ಸಲ ಕರದ್ವಿ. ಬರೋ ವರ್ಷ ಬರ್ರಿ," ಎಂದರು.

ಏನು ಮಾಡಬೇಕೆಂದು ತಿಳಿಯದೆ ನಾನು ಹುಡುಗಿಯರ ಕಡೆ ತಿರುಗಿ, "ಬಂದೇವಿ, ಒಮ್ಮೆರ ಬಾರಿಸಿಬಿಡ್ರೆವಾ. ಪೂರಾ ಬಾರಸ್ರಿ. ನಾ ಕೇಳ್ತೇನಿ, ಈ ಸರ್ ಕೇಳ್ತಾರ," ಎಂದೆ. ಮೇಷ್ಟ್ರೂ, "ಹೌದು, ಬಾರಸ್ರಿ," ಎಂದರು. ಕೆಲವರು ಕೋಲು ಕೈಗೆ ತೆಗೆದುಕೊಂಡರು. ಬ್ಯೂಗಲ್ ಹುಡುಗಿ ಮೋರಟಗಿಯವಳ ಮುಖ ನೋಡಿದಳು.

"ನಾ ಒಲ್ಲೆ," ಎಂದಳು ಅವಳು. "ಕುರ್ಚಿಗೋಳಿಗೆ ಬಾರಸೋದೇನ್ರಿ ಟೀಚರ್? ನಮ್ಮನ್ನ ಸಮಾಧಾನ ಮಾಡಾಕ ಬಾರಸ್ರಿ ಅನಬ್ಯಾಡ್ರಿ."

ಡ್ರಮ್ಮನ್ನು ಕೊರಳಿನಿಂದ ತೆಗೆದು ನೆಲಕ್ಕಿಟ್ಟಳು. ಕುಕ್ಕಲಿಲ್ಲ, ಮೆಲ್ಲಗೆ ಇಟ್ಟಳು. ಒಬ್ಬೊಬ್ಬರಾಗಿ ಎಲ್ಲರೂ ಹಾಗೇ ಇಟ್ಟರು. ನಾವು ಅಂಗಡಿಯೊಂದರಲ್ಲಿ ಚಹಾ ಕುಡಿದು ತಿರುಗಿ ಹೊರಟೆವು.

ಇಷ್ಟಕ್ಕೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಒಂದು ವಾರದ ಮೇಲೆ ನಮ್ಮ ಶಾಲೆಯ ಗೇಟಿನ ಹತ್ತಿರ, ಬಸ್ ನಿಲ್ಲುವ ಜಾಗದಲ್ಲಿ ದೊಡ್ಡ ಫ್ಲೆಕ್ಸ್ ಬಂತು. ವಿಭಾಗ ಮಟ್ಟಕ್ಕೆ ಆಯ್ಕೆಯಾಗಿ ಭಾಗವಹಿಸಿದ ನಮ್ಮ ಭಾಗದ ಹೆಮ್ಮೆಯ ಬ್ಯಾಂಡ್ ತಂಡಕ್ಕೆ ಹಾರ್ದಿಕ ಅಭಿನಂದನೆಗಳು. ಸಾಹೇಬರು ಆಳೆತ್ತರ ಕೈಮುಗಿದು ನಿಂತಿದ್ದರು. ಅವರ ಮೊಣಕಾಲಿನ ಹತ್ತಿರ ಇಪ್ಪತ್ತು ಹುಡುಗಿಯರು ಅಂಚೆಚೀಟಿಯಷ್ಟು ಚಿತ್ರದಲ್ಲಿ. ಯಾರ ಮುಖವೂ ಗುರುತು ಹತ್ತುವಂತಿರಲಿಲ್ಲ. ಭಾನುವಾರ ಬಂದ ತಂದೆತಾಯಿಗಳು ಅದರ ಮುಂದೆ ನಿಂತು ಮಗಳನ್ನು ಹುಡುಕಿ ಫೋಟೊ ತೆಗೆದುಕೊಂಡರು. ಮೋರಟಗಿಯವಳ ತಾಯಿ ಸಂಭ್ರಮದಿಂದ, "ನಮ್ಮಾಕಿ ಯಾರವಾ ಇದರಾಗ?" ಎಂದು ಕೇಳಿದಾಗ ಮಗಳು, "ನಾ ಇಲ್ಲ ಬಿಡವಾ ಅದರಾಗ," ಎಂದು ರೊಟ್ಟಿಯ ಗಂಟು ಎತ್ತಿಕೊಂಡು ಒಳಗೆ ಹೋದಳು. ನಾನೇ ತಾಯಿಗೆ, "ಮುಂದಿನ ಸಾಲಿನ್ಯಾಗ ಅದಾಳ್ರಿ," ಎಂದೆ.

ಮುಂದಿನ ಕರೆ ಬಾಗೇವಾಡಿಯಿಂದ ಬಂತು. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರವಿತ್ತು. ಬೆಳಿಗ್ಗೆ ಗಾಡಿ ಗೇಟಿನಲ್ಲಿ ಬಂದು ಹಾರ್ನ್ ಹೊಡೆಯುತ್ತಿದ್ದರೂ ಹುಡುಗಿಯರು ಕಾಣಲಿಲ್ಲ. ಹೋಗಿ ನೋಡಿದರೆ ಎಲ್ಲರೂ ಊಟದ ಕೋಣೆಯಲ್ಲಿ, ಮನೆಯ ಬಟ್ಟೆಯಲ್ಲಿ, ಪುಸ್ತಕ ತೆರೆದು ಕೂತಿದ್ದರು. ಬ್ಯಾಂಡಿನ ಕೆಂಪು ಬಿಳಿ ಬಟ್ಟೆಗಳನ್ನು ಮಡಚಿ ಒಂದು ಮೇಜಿನ ಮೇಲೆ ಒಟ್ಟಿದ್ದರು. ಯಾರು ಹೇಳಿಕೊಟ್ಟದ್ದು ಎಂದು ಆಮೇಲೆ ಎಲ್ಲರೂ ನನ್ನನ್ನು ಕೇಳಿದರು. ಖರೆ ಹೇಳುತ್ತೇನೆ, ನನಗೆ ಗೊತ್ತೇ ಇರಲಿಲ್ಲ.

ಹೆಡ್ ಸಿಸ್ಟರ್ ಬಂದರು. ಮುಖ ಕೆಂಪಾಗಿತ್ತು.

"ಎಂತ ಇದು? ಗಾಡಿ ಬಂದು ನಿಂತಿದೆ. ನನ್ನ ಮಾತಿಗೆ ಬೆಲೆ ಇಲ್ವಾ?"

ಮೋರಟಗಿಯವಳು ಎದ್ದು ನಿಂತಳು. "ಐತ್ರಿ ಸಿಸ್ಟರ್. ನಿಮ್ಮ ಮಾತಿಗಂತ ಇಷ್ಟು ದಿನ ನಿಂತ್ವಿ."

"ಮತ್ತೆ ಇವತ್ತು?"

"ಬಾರಸಂಗಿಲ್ಲ ಅನ್ನಾಕತ್ತಿಲ್ರಿ ನಾವು. ನಿಂದ್ರಂಗಿಲ್ಲ ಅನ್ನಾಕತ್ತೇವಿ. ಸಾಹೇಬ್ರಿಗೆ ಕೇಳೋ ಮನಸಿದ್ರ ಇಲ್ಲಿಗೇ ಬರ್ಲಿ. ನಮ್ಮ ಮೈದಾನದಾಗ ಕುರ್ಚಿ ಹಾಕ್ತೇವಿ, ಚಹಾ ಕೊಡ್ತೇವಿ. ಪೂರಾ ಬಾರಸ್ತೇವಿ."

ಯಾರೋ ಹಿಂದಿನಿಂದ, "ಹಾದ್ಯಾಗ ಅದಾರಂದ್ರೂ ನಡೀತೈತ್ರಿ, ನೆರಳಾಗ ಕುಂತು ಕಾಯ್ತೇವಿ," ಎಂದರು. ಕೆಲವರು ಮುಸಿಮುಸಿ ನಕ್ಕರು. ಹೆಡ್ ಸಿಸ್ಟರ್ ನಗಲಿಲ್ಲ. ಆ ಮಡಚಿಟ್ಟ ಬಟ್ಟೆಗಳ ಹತ್ತಿರ ಹೋಗಿ ಮೇಲಿನ ಅಂಗಿಯ ಕಾಲರ್ ಸರಿಮಾಡಿದರು. ಆಮೇಲೆ ತಮ್ಮ ಕೋಣೆಗೆ ಹೋದರು. ನಾನು ಹಿಂದೆಯೇ ಹೋದೆ. ಫೋನು ಹಚ್ಚಿ, "ಇವತ್ತು ಆಗುದಿಲ್ಲ. ಮಕ್ಕಳಿಗೆ ಪರೀಕ್ಷೆ ಉಂಟು. ಇನ್ನು ಮುಂದೆಯೂ ಆಗುದಿಲ್ಲ," ಎಂದರು.

ಬಿಳಿ ಅಂಗಿಯವರು ಮರುದಿನ ಬಂದರು. ಕೂಗಾಡಲಿಲ್ಲ. ಕುರ್ಚಿಯಲ್ಲಿ ಕೂತು, ಕೊಟ್ಟ ಚಹಾ ಕುಡಿದು, "ಹಿಂಗ್ ಮಾಡಿದ್ರ ಹೆಂಗ್ರಿ ಸಿಸ್ಟರ? ನಾಳೆ ನಿಮಗೂ ನಮ್ಮ ಕೆಲಸ ಬೀಳ್ತಾವಲ್ಲ," ಎಂದು ಎದ್ದುಹೋದರು. ಗೇಟಿನ ಬಳಿಯ ಫ್ಲೆಕ್ಸ್ ಎರಡು ದಿನದಲ್ಲಿ ಇಲ್ಲವಾಯಿತು.

ಹೊಸ ಕೋಣೆಗಳ ಪರವಾನಗಿ ಬರಲಿಲ್ಲ. ಯಾರೂ ಆಗುವುದಿಲ್ಲ ಎನ್ನಲಿಲ್ಲ, ಆಗುತ್ತದೆ ಎಂದೂ ಅನ್ನಲಿಲ್ಲ. ಮರುವರ್ಷ ಎಂಟನೆಯ ತರಗತಿಯ ಮಕ್ಕಳು ಊಟದ ಕೋಣೆಯಲ್ಲೇ ಕೂತು ಓದಿದರು. ಹನ್ನೊಂದು ಗಂಟೆಗೆಲ್ಲ ಒಗ್ಗರಣೆಯ ವಾಸನೆ ಬಂದು ವ್ಯಾಕರಣದ ಪಾಠ ಅಲ್ಲಿಗೇ ನಿಲ್ಲುತ್ತಿತ್ತು. ಒಂದು ದಿನ ಹೆಡ್ ಸಿಸ್ಟರ್ ನನ್ನನ್ನು ಅಲ್ಲಿ ನಿಲ್ಲಿಸಿ, "ನಿಮ್ಮದು ಸರಿ ಟೀಚರ್, ಮಕ್ಕಳದ್ದೂ ಸರಿ. ಆದ್ರೆ ಇವರನ್ನು ಎಲ್ಲಿ ಕೂರಿಸುದು ಹೇಳಿ?" ಎಂದರು. ಸರಿಯಾದದ್ದನ್ನು ಮಾಡಿದ್ದಕ್ಕೆ ದಂಡ ತೆರಬೇಕಾದವರು ಅದಕ್ಕೆ ಸಂಬಂಧವೇ ಇಲ್ಲದ ಎಂಟನೆಯ ತರಗತಿಯ ಮಕ್ಕಳು. ಯಾರ ಮೇಲೆ ಸಿಟ್ಟು ಮಾಡಲಿ?

ಆ ಹುಡುಗಿಯರು ಪರೀಕ್ಷೆ ಬರೆದು ಹೋದರು. ಗಣಿತದಲ್ಲಿ ಇಬ್ಬರು ಬಿದ್ದರು, ಆಮೇಲೆ ಕಟ್ಟಿ ಪಾಸಾದರು. ಹೊಸ ಹುಡುಗಿಯರಿಗೆ ಕಲಿಸೋಣವೆಂದರೆ ಯಾರ ತಂದೆತಾಯಿಯೂ ಒಪ್ಪಲಿಲ್ಲ. "ಬ್ಯಾಂಡ್ ಬ್ಯಾಡ್ರಿ ಟೀಚರ್, ಊರೂರು ತಿರಗಸ್ತೀರಿ," ಎಂದರು. ಅದೂ ಖರೆ. ಹೆಡ್ ಸಿಸ್ಟರಿಗೆ ಬೇರೆ ಕಡೆ ವರ್ಗವಾಯಿತು. ನನಗೂ ಸರಕಾರಿ ಶಾಲೆಯ ಕೆಲಸ ಸಿಕ್ಕಿತು, ಬಾಗೇವಾಡಿ ತಾಲ್ಲೂಕಿನಲ್ಲೇ.

ಹೋದ ವರ್ಷ ಇಂಡಿಗೆ ತರಬೇತಿಗೆಂದು ಹೋಗುವಾಗ ದಾರಿಯಲ್ಲಿ ಬಸ್ಸು ನಿಂತಿತು. ಮುಂದೆ ಏನೋ ಸ್ವಾಗತದ ಗದ್ದಲ. ರಸ್ತೆಯ ಪಕ್ಕ ಬೇರೊಂದು ಶಾಲೆಯ ಮಕ್ಕಳು ನೀಲಿ ಬಟ್ಟೆ ಹಾಕಿಕೊಂಡು ಡ್ರಮ್ ಕೊರಳಿಗೆ ಹಾಕಿ ಸಾಲಾಗಿ ನಿಂತಿದ್ದರು. ಒಬ್ಬ ಟೀಚರ್ ಸೆರಗಿನಿಂದ ಒಂದು ಮಗುವಿನ ಬೆವರು ಒರೆಸುತ್ತಿದ್ದಳು. ನನ್ನ ಪಕ್ಕ ಕೂತಿದ್ದ ಹೆಣ್ಣುಮಗಳು, "ಎಷ್ಟ್ ಛಂದ ಕಾಣ್ತಾವಲ್ರಿ ಕೂಸುಗೋಳು," ಎಂದಳು. ಇಳಿದು ಹೋಗಿ ಆ ಟೀಚರಿಗೆ ಏನಾದರೂ ಹೇಳಬೇಕೆಂದು ಎದ್ದೆ. ಏನು ಹೇಳುವುದು? ಅಷ್ಟರಲ್ಲಿ ಬಸ್ಸು ಹೊರಟಿತು.

ಮೋರಟಗಿಯವಳು ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದು ಅದಾದ ಕೆಲ ತಿಂಗಳಿಗೆ. ಕಲಬುರಗಿಯ ಬಸ್ಸಿಗೆ ಕಾಯುತ್ತಿದ್ದಳು, ಅಲ್ಲಿ ಡಿಗ್ರಿ ಓದುತ್ತಿದ್ದಾಳೆ. ಎತ್ತರವಾಗಿದ್ದಾಳೆ, ದನಿಯೂ ಸ್ವಲ್ಪ ತಗ್ಗಿದೆ. ನನ್ನನ್ನು ಕಂಡು ಓಡಿಬಂದು ಕೈ ಹಿಡಿದುಕೊಂಡಳು. ಕಾಲೇಜು, ಹಾಸ್ಟೆಲ್ಲು, ಅಲ್ಲಿಯ ಊಟ, ಎಲ್ಲ ಹೇಳಿದಳು. ಎನ್‌ಸಿಸಿ ಸೇರಿದ್ದಾಳಂತೆ.

"ಹಂಗಾರ ಡ್ರಮ್ಮಿಗೆ ಹಾಕ್ಯಾರೇನು ನಿನಗ?"

"ಕೇಳಿದ್ರು ಟೀಚರ್. ಯಾರಿಗೆ ಬಾರಸಾಕ ಬರ್ತೈತಿ, ಕೈ ಎತ್ರಿ ಅಂದ್ರು."

"ನೀ ಎತ್ತಿದಿ?"

"ಇಲ್ರಿ. ಬರಂಗಿಲ್ಲ ಅಂದೆ."

ನನಗೆ ಬೈಯಬೇಕೆನ್ನಿಸಿತು, ಅವಳನ್ನಲ್ಲ. ಯಾರನ್ನೆಂದು ಹೊಳೆಯದೆ, "ಅದ್ಯಾಕ ಹಂಗಂದಿ, ಹುಚ್ಚಿ?" ಎಂದೆ. ಅವಳು ಹೆಗಲು ಕೊಡವಿ ನಕ್ಕಳು. ಅವಳ ಬಸ್ಸು ಬಂತು. ಜನ ಕಿಟಕಿಯಿಂದ ಕರ್ಚೀಫು, ಚೀಲ ಎಸೆದು ಸೀಟು ಹಿಡಿಯತೊಡಗಿದರು. ಅವಳೂ ತನ್ನ ಚೀಲ ಎಸೆದು, ಮೊಣಕೈಯಿಂದ ದಾರಿ ಮಾಡಿಕೊಂಡು ಹತ್ತಿದಳು. ಒಳಗಿನಿಂದ ಕೈ ಬೀಸಿ, "ಬರ್ತೇನ್ರಿ ಟೀಚರ್, ಊರಿಗೆ ಬರ್ರಿ, ರೊಟ್ಟಿ ಉಣ್ಣಾಕ," ಎಂದು ಕೂಗಿದಳು. ಬರುತ್ತೇನೆಂದು ನಾನೂ ಕೂಗಿದೆ.